ವಿಸಿಂಗ್ಸೋ ದ್ವೀಪದ ಓಕ್ ಕಾಡು

ಎಲ್ಲರಿಗೂ ನಮಸ್ಕಾರ. ಸ್ವೀಡನ್ನಿನ ದೊರೆಗಳು, ಬಾಲ್ಟಿಕ್ ಯುದ್ಧಗಳು ಎಲ್ಲ ಕಳೆದ ವಾರವೇ ಕೇಳಿದ್ದೀರಿ. ಹಾಗಾಗಿ ನೇರವಾಗಿ ದ್ವೀಪಕ್ಕೇ ಹೋಗೋಣ. ಸ್ವೀಡನ್ನಿನ ವೆಟ್ಟರ್ನ್ ಸರೋವರದ ನಡುವೆ ಉದ್ದಕ್ಕೆ ಚಾಚಿಕೊಂಡಿದೆ ವಿಸಿಂಗ್ಸೋ. ಉದ್ದ 14 ಕಿಲೋಮೀಟರ್, ಅಗಲ ಸುಮಾರು ಮೂರು. ಅದು ಹುಟ್ಟಿದ್ದಕ್ಕೆ ಒಂದು ಜನಪದ ಕತೆಯಿದೆ. ವಿಸ್ತ್ ಎಂಬ ದೈತ್ಯ ಹೆಂಡತಿ ಜೊತೆ ಮನೆಗೆ ಹೊರಟಿದ್ದನಂತೆ. ಅವನು ಒಂದೇ ಹೆಜ್ಜೆಗೆ ಸರೋವರ ದಾಟುವವನು. ಆಕೆಗೆ ಆಗಲಿಲ್ಲ. ಒಂದು ಹೆಂಟೆ ಮಣ್ಣು ಕಿತ್ತು ನೀರಿಗೆ ಎಸೆದ. ಅವಳು ಅದರ ಮೇಲೆ ಕಾಲಿಟ್ಟು ದಾಟಿದಳು. ಆ ಹೆಂಟೆಯೇ ಈ ದ್ವೀಪ. ಒಳ್ಳೆ ಗಂಡ, ಅಲ್ವಾ?

ಇವತ್ತು ನಾನು ಹೇಳಲೇಬೇಕಾದದ್ದು ಅಲ್ಲಿನ ಓಕ್ ಕಾಡಿನ ವಿಷಯ. ಇದನ್ನು ಎಲ್ಲರೂ ನಗೆಹನಿಯ ಹಾಗೆ ಹೇಳುತ್ತಾರೆ. ಯುದ್ಧನೌಕೆಗೆಂದು ಮರ ನೆಟ್ಟರು, 1975ರಲ್ಲಿ ಅರಣ್ಯದವರು ನೌಕಾಪಡೆಗೆ ನಿಮ್ಮ ಮರ ಸಿದ್ಧವಾಗಿದೆ ಎಂದು ತಿಳಿಸಿದರು. ಅಷ್ಟರಲ್ಲಿ ಮರದ ಯುದ್ಧನೌಕೆಗಳ ಕಾಲವೇ ಮುಗಿದಿತ್ತು. ಸಭೆ ನಗುತ್ತದೆ, ಕತೆ ಮುಗಿಯಿತು. ನನಗೆ ಆ ನಗು ಒಪ್ಪಿಗೆಯಿಲ್ಲ.

ಹಿಂದಿನದು ನೋಡಿ. 1558ರಲ್ಲಿ ದೊರೆ ಗುಸ್ತಾವ್ ವಾಸ ಓಕ್ ಮರವೆಲ್ಲ ಅರಮನೆಯದು ಎಂದು ಕಟ್ಟಳೆ ಮಾಡಿದ. ರೈತನ ಹೊಲದಲ್ಲೇ ಬೆಳೆದರೂ ಅವನು ಕೊಡಲಿ ಮುಟ್ಟುವಂತಿಲ್ಲ. ನೆರಳಿಗೆ ಬೆಳೆ ಹೋದರೂ ಸುಮ್ನೆ ನೋಡುತ್ತಿರಬೇಕು. ಅಂಥ ಮರದ ಮೇಲೆ ಯಾರಿಗೆ ಪ್ರೀತಿ ಬರುತ್ತದೆ? ಸಸಿ ಕಂಡಲ್ಲೇ ಕಿತ್ತು ಹಾಕಿದರು. 1830ರಲ್ಲಿ ಕಟ್ಟಳೆ ಸಡಿಲವಾದದ್ದೇ ತಡ, ಹೊಲಗಳಲ್ಲಿ ಓಕ್ ಉರುಳತೊಡಗಿತು. ದೊಡ್ಡ ಯುದ್ಧನೌಕೆ ಒಂದಕ್ಕೆ ಸುಮಾರು 2000 ಓಕ್ ಬೇಕು. ಇನ್ನು ಸರ್ಕಾರವೇ ಬೆಳೆಸಬೇಕಾಯಿತು.

1831ರಿಂದ ವಿಸಿಂಗ್ಸೋದಲ್ಲಿ ಸುಮಾರು 360 ಹೆಕ್ಟೇರಿನಲ್ಲಿ ಮೂರು ಲಕ್ಷ ಓಕ್ ನೆಟ್ಟರು. ನೆಟ್ಟ ಬಗೆ ನೋಡಿ. ಸಸಿಗಳು ಒತ್ತೊತ್ತಾಗಿ, ಪಕ್ಕದಲ್ಲಿ ಬೇರೆ ಜಾತಿಯ ಮರಗಳು. ಬೆಳಕಿಗೆ ಪೈಪೋಟಿ ಬಿದ್ದು ಓಕ್ ನೆಟ್ಟಗೆ ಮೇಲೇರಬೇಕು, ಕೆಳಗಿನ ಕೊಂಬೆ ನೆರಳಿಗೆ ಒಣಗಿ ಉದುರಬೇಕು. ಗಂಟಿಲ್ಲದ ಹಲಗೆ ಸಿಗುವುದು ಹಾಗೆ. ಆಮೇಲೆ ಪಕ್ಕದ ಮರ ಕಡಿದು ಓಕ್‌ಗೆ ಜಾಗ ಬಿಡಬೇಕು. ಈ ಕೆಲಸ ತಲೆಮಾರುಗಟ್ಟಲೆ ನಡೆಯಿತು. ನೆಟ್ಟವರು ಯಾರೂ ಬೆಳೆದ ಮರ ನೋಡಲಿಲ್ಲ.

1862ರಲ್ಲಿ ಈ ಓಕ್‌ಗಳಿಗೆ ಇನ್ನೂ 31 ವರ್ಷ ವಯಸ್ಸು. ಸ್ವೀಡನ್ನಿನಲ್ಲೇ ಹುಟ್ಟಿದ ಯಾನ್ ಎರಿಕ್ಸನ್ ಎಂಬ ಎಂಜಿನಿಯರ್ ಆ ವರ್ಷ ಅಮೆರಿಕದಲ್ಲಿ ಮಾನಿಟರ್ ಎಂಬ ಕಬ್ಬಿಣದ ಹಡಗು ಕಟ್ಟಿ ನೀರಿಗಿಳಿಸಿದ. ಮರದ ಯುದ್ಧನೌಕೆಗಳ ಕಾಲ ಮುಗಿಯಿತು. ನಮ್ಮ ಕಡೆಯೇ ನೋಡಿ, ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿ ಕಲೆಕ್ಟರ್ ಕಾನಲಿ ತೇಗದ ತೋಪು ಹಾಕಿಸಿದ್ದೂ ಹಡಗಿನ ಮರದ ಚಿಂತೆಯಿಂದಲೇ. ಅದನ್ನು ನೋಡಿ ನಾವು ನಗುತ್ತೇವೆಯೇ? ಹಡಗಾಗಲಿಲ್ಲ ಎಂದ ಮಾತ್ರಕ್ಕೆ ಕಾಡು ದಂಡ ಆಗುವುದಿಲ್ಲ. ರೈತ ದ್ವೇಷಿಸುತ್ತಿದ್ದ ಮರ ಇವತ್ತು ದ್ವೀಪದವರ ಹೆಮ್ಮೆ. ಅದರಿಂದ ಪೀಠೋಪಕರಣ ಮಾಡುತ್ತಾರೆ, ವಿಸ್ಕಿ ಪೀಪಾಯಿ ಮಾಡುತ್ತಾರೆ. ದಂಡ ಅನ್ನಬೇಡಿ ಎಂದು ಮತ್ತೆ ಮತ್ತೆ ಹೇಳುತ್ತೇನೆ.

ಸಮಯ ಆಯಿತು ಎಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಕೋಟೆಗಳ ವಿಷಯ ಬೇಗ ಹೇಳಿಬಿಡುತ್ತೇನೆ. ದಕ್ಷಿಣ ತುದಿಯ ನೇಸ್ ಕೋಟೆಯಲ್ಲಿ ನಾಲ್ವರು ದೊರೆಗಳು ತೀರಿಕೊಂಡರು. ಕಡೆಯವನು ಮಾಗ್ನುಸ್ ಲಾದುಲೋಸ್, 1290ರಲ್ಲಿ. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದ ನೆಲ ಉತ್ತರದಲ್ಲಿ ಜಾಸ್ತಿ ಮೇಲೇಳುತ್ತಿದೆ. ಹಾಗಾಗಿ ನೀರು ದಕ್ಷಿಣಕ್ಕೆ ವಾಲಿ, ಅಲೆಗಳು ಅಳಿದುಳಿದ ಗೋಡೆಗಳನ್ನು ಕೊರೆಯುತ್ತಿವೆ. ಬ್ರಾಹೆ ಎಂಬ ಶ್ರೀಮಂತ ಮನೆತನದ ವಿಸಿಂಗ್ಸ್‌ಬೋರ್ಗ್ ಕೋಟೆ 1718ರಲ್ಲಿ ಸುಟ್ಟುಹೋಯಿತು. ಅದೇ ಮನೆತನದ ಪೇರ್ ಬ್ರಾಹೆ 1636ರಲ್ಲಿ ಶಾಲೆ ತೆರೆದಿದ್ದ. ಕುಮ್ಲಬಿ ಚರ್ಚಿನ ಗೋಪುರದ ತುದಿ ತೆಗೆಸಿ, ಮಕ್ಕಳು ನಕ್ಷತ್ರ ನೋಡಲು ಮೇಲೆ ಜಗುಲಿ ಮಾಡಿಸಿದ. ಅದು ಈಗಲೂ ಇದೆ.

ಇನ್ನೊಂದು ಇತ್ತು. 1913ರಲ್ಲಿ ಥಿಯಾಸಫಿ ಎಂಬ ಆಧ್ಯಾತ್ಮಿಕ ಚಳವಳಿಯ ಕ್ಯಾಥರೀನ್ ಟಿಂಗ್ಲಿ ಈ ದ್ವೀಪದಲ್ಲಿ ಶಾಂತಿ ಸಮ್ಮೇಳನ ನಡೆಸಿದರು. ರಾಜಯೋಗ ಎಂಬ ಹೆಸರಿನ ಶಾಲೆಯೂ ಅಲ್ಲಿ ನಡೆಯಿತು. ಅದರ ಬಗ್ಗೆ ಪ್ರಶ್ನೆ ಕೇಳಿದರೆ ಹೇಳುತ್ತೇನೆ. ನಮಸ್ಕಾರ.