ಸ್ಟೆಂಟ್ ಬೆಳೆಯಲ್ಲ ಮಾರಾಯ್ರೆ!

ನಮಸ್ಕಾರ. ಹೋದ ವಿಡಿಯೊ ಕೆಳಗೆ ಒಬ್ಬರ ಕಮೆಂಟು: "ಹಸುಗೂಸಿಗೂ ಸ್ಟೆಂಟ್ ಹಾಕ್ತಾರಂತೆ, ಮತ್ಯಾಕೆ ಎದೆ ಕುಯ್ಯೋದು? ಬಿಲ್ ಏರಿಸೋಕೆ!" ಅದಕ್ಕೆ ರಾಶಿ ಲೈಕು ಬೇರೆ. ಸ್ಟೆಂಟ್ ಅಂದ್ರೆ ನಾಳವನ್ನ ತೆರೆದಿಡೋ ಲೋಹದ ಜಾಲರಿ ಕೊಳವೆ. ಸ್ವಾಮಿ, ಮಗು ಬೆಳೆಯುತ್ತೆ, ಸ್ಟೆಂಟ್ ಬೆಳೆಯಲ್ಲ. ಇವತ್ತು ಇದೊಂದೇ ಮಾತು.

ಹೃದಯದ ಎಡಭಾಗ ಬೆಳೆಯದೆ ಹುಟ್ಟಿದ ಮಗುವಿನ ಮೈಗೆ ರಕ್ತ ಹೋಗೋದು ಡಕ್ಟಸ್ ಅನ್ನೋ ನಾಳದಿಂದ. ಹುಟ್ಟಿದ ಕೆಲವೇ ದಿನಕ್ಕೆ ಅದು ಮುಚ್ಚೋ ನಾಳ. ಅದನ್ನ ತೆರೆದಿಡೋಕೆ ಪ್ರೋಸ್ಟಾಗ್ಲಾಂಡಿನ್ ಡ್ರಿಪ್ ಬೇಕು, ಆದರೆ ಆ ಮದ್ದಿಗೆ ಮಗು ಉಸಿರಾಟವನ್ನೇ ನಿಲ್ಲಿಸಿಬಿಡಬಹುದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಆಟಿ ಮಳೆ ಬೇರೆ. ಆಂಬುಲೆನ್ಸಲ್ಲಿ ಉಸಿರಿನ ಕೊಳವೆ ಹಾಕಬಲ್ಲವರು ಇರಲೇಬೇಕು.

ಇಂಥ ಮಗುವಿಗೆ ಸರ್ಜನ್, ಕಾರ್ಡಿಯಾಲಜಿಸ್ಟ್ ಇಬ್ಬರೂ ಸೇರಿ ಮಾಡೋ 'ಹೈಬ್ರಿಡ್' ಚಿಕಿತ್ಸೆ ಅಂದ್ರೆ ಏನು? ಸರ್ಜನ್ ಎದೆ ತೆರೀತಾರೆ, ಹಾರ್ಟ್-ಲಂಗ್ ಮಶೀನ್ ಬೇಡ. 3 ಅಥವಾ 3.5 ಮಿ.ಮೀ. ಗೋರ್‌ಟೆಕ್ಸ್ ಅನ್ನೋ ಕೃತಕ ವಸ್ತುವಿನ ಕೊಳವೆಯಿಂದ ಸಣ್ಣ ಉಂಗುರ ಕತ್ತರಿಸಿ ಎರಡೂ ಶ್ವಾಸಕೋಶದ ನಾಳಕ್ಕೆ ಬಿಗೀತಾರೆ, ಇಲ್ಲದಿದ್ರೆ ರಕ್ತವೆಲ್ಲ ಶ್ವಾಸಕೋಶಕ್ಕೇ ನುಗ್ಗುತ್ತೆ. ತೆರೆದ ಎದೆಯಿಂದಲೇ ಶ್ವಾಸಕೋಶಕ್ಕೆ ಹೋಗೋ ಮುಖ್ಯ ನಾಳಕ್ಕೆ ಸೂಜಿ ಚುಚ್ಚಿ ಕಾರ್ಡಿಯಾಲಜಿಸ್ಟ್ ಡಕ್ಟಸ್‌ಗೆ ಸ್ಟೆಂಟ್ ಕೂರಿಸ್ತಾರೆ. ಸ್ಟೆಂಟ್ ಗಿಡ್ಡವಾದ್ರೆ ಡಕ್ಟಸ್‌ನ ಉಳಿದ ತುದಿ ಮುದುಡಿಕೊಳ್ಳುತ್ತೆ. ಉದ್ದವಾದ್ರೆ ಮಹಾಪಧಮನಿಯ ಕಮಾನಿನ ಬಾಯಿಗೆ ಅಡ್ಡ ಬರಬಹುದು. ಇಂಥ ಮಗುವಿನಲ್ಲಿ ಮಿದುಳಿಗೂ ಹೃದಯದ ಸ್ವಂತ ನಾಳಕ್ಕೂ ರಕ್ತ ಹಿಮ್ಮುಖವಾಗಿ ಹೋಗೋದು ಅಲ್ಲಿಂದಲೇ! ಮೇಲಿನ ಕೋಣೆಗಳ ನಡುವಿನ ತೂತು ಸಣ್ಣದಿದ್ರೆ ಅದನ್ನೂ ಬಲೂನಿಂದ ಹಿಗ್ಗಿಸಬೇಕು.

ಇಷ್ಟಾದ್ರೂ ಇದು ತಾತ್ಕಾಲಿಕ. 4–6 ತಿಂಗಳಿಗೆ ಉಂಗುರ, ಸ್ಟೆಂಟ್ ಎರಡೂ ತೆಗೆದು ಕಮಾನು ಕಟ್ಟಬೇಕು, ಮೈಯ ಮೇಲ್ಭಾಗದಿಂದ ವಾಪಸ್ ಬರೋ ರಕ್ತವನ್ನ ನೇರ ಶ್ವಾಸಕೋಶಕ್ಕೆ ಜೋಡಿಸೋ ಗ್ಲೆನ್ ಆಪರೇಷನ್ ಮಾಡಬೇಕು. ಮುಂದೆ 2–4 ವರ್ಷಕ್ಕೆ ಕೆಳಭಾಗದ ರಕ್ತವನ್ನೂ ಹಾಗೇ ಜೋಡಿಸೋ ಫಾಂಟನ್ ಆಪರೇಷನ್. ಯಾಕೆ? ಸ್ಟೆಂಟ್ ಬೆಳೆಯಲ್ಲ! ಸಿಲ್ವರ್ ಮರಕ್ಕೆ ಒಳ್ಳೆಮೆಣಸಿನ ಬಳ್ಳಿ ಕಟ್ಟಿದ ನೈಲಾನ್ ದಾರ ಬಿಚ್ಚೋಕೆ ಮರೆತು ನೋಡಿ, ಬಳ್ಳಿ ಕತ್ತು ಏನಾಗುತ್ತೆ ಅಂತ.

"ಹಾಗಾದ್ರೆ ಮೊದಲೇ ನಾರ್‌ವುಡ್ ಆಪರೇಷನ್ ಮಾಡಿಬಿಡಿ." ಅಂದ್ರೆ ಹುಟ್ಟಿದ ಕೆಲವೇ ದಿನದಲ್ಲಿ ಹಾರ್ಟ್-ಲಂಗ್ ಮಶೀನ್ ಹಾಕಿ ಕಮಾನು ಕಟ್ಟೋದು. ಮಾಡ್ತಾರಪ್ಪ, ಅದನ್ನ ತಡ್ಕೊಳ್ಳೋ ಮಗುವಿಗೆ. ಎರಡು ಕೆಜಿ ಇಲ್ಲದ, ಮಿದುಳಲ್ಲಿ ರಕ್ತಸ್ರಾವ ಆದ ಕೂಸಿಗೆ ಆ ಮಶೀನ್ ಹಾಕಿಸ್ತೀರಾ? ಮುಂದಕ್ಕೆ ಹೋಗೋಣ.

ಇನ್ನೊಬ್ಬರು: "ನಮ್ಮ ಮಾವನಿಗೆ ಸ್ಟೆಂಟ್ ಹಾಕಿ ಹತ್ತು ವರ್ಷ, ಆರಾಮಾಗಿದ್ದಾರೆ." ಸಂತೋಷ. ನಿಮ್ಮ ಮಾವ ಇನ್ನೂ ಬೆಳೀತಿದ್ದಾರಾ?

ಬೆಳೆಯಲ್ಲ! ಕೇಳಿಸ್ತಾ, ಗೋಣಿಕೊಪ್ಪದ ಕೊನೇ ಬೆಂಚು? ಬೆಳೆಯಲ್ಲ. ಸಬ್‌ಸ್ಕ್ರೈಬ್ ಒತ್ತಿ, ಅದಾದರೂ ಬೆಳೀಲಿ.