ಕೋಡಂಗಿ ವೇಷದಿಂದ ಶುರುವಾಗುವ ಪಾಠ

[ದೃಶ್ಯ: ಬಯಲಿನಲ್ಲಿ ರಂಗಸ್ಥಳ, ಚೆಂಡೆಯ ಸದ್ದು, ಅರ್ಧಕ್ಕರ್ಧ ಖಾಲಿ ಕುರ್ಚಿಗಳು]

ನಿರೂಪಣೆ: ಯಕ್ಷಗಾನ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಯಾರೂ ಅರ್ಜುನನ ವೇಷ ಕೊಡುತ್ತಿರಲಿಲ್ಲ. ಸಿಗುತ್ತಿದ್ದುದು ಕೋಡಂಗಿ. ಪ್ರಸಂಗಕ್ಕೆ, ಅಂದರೆ ಅಂದಿನ ಕಥೆಗೆ, ಮುಂಚಿನ ಪೂರ್ವರಂಗದಲ್ಲಿ, ಜನ ಇನ್ನೂ ಬಂದು ಕೂರುತ್ತಿರುವಾಗ ಕುಣಿದು ಬರಬೇಕು. ಹೆಜ್ಜೆ ತಪ್ಪಿದರೆ ಆಟವೇನೂ ಕೆಡುವುದಿಲ್ಲ. ಆದರೆ ರಂಗಸ್ಥಳ ನಿಜದ್ದು, ಹಾಡುವ ಭಾಗವತರು ನಿಜದವರು, ನೋಡುತ್ತಿರುವ ನಾಲ್ಕು ಜನರೂ ನಿಜದವರೇ. ಆಮೇಲೆ ಬಾಲಗೋಪಾಲ, ಸಣ್ಣಪುಟ್ಟ ವೇಷ. ವರ್ಷಗಳು ಉರುಳಿದ ಮೇಲೆ ದೊಡ್ಡ ವೇಷ. ಅಂಕಪಟ್ಟಿಯ ಹಂಗಿಲ್ಲದೆ ಕರಾವಳಿ ತನ್ನ ಕಲಾವಿದರನ್ನು ಬೆಳೆಸಿದ್ದು ಹೀಗೆ.

[ದೃಶ್ಯ: ಚೌಕಿ (ಬಣ್ಣದ ಮನೆ), ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುತ್ತಿರುವ ಹುಡುಗ]

ಬಣ್ಣ, ಮುಂಡಾಸು ಇವೆಲ್ಲ ಹಿರಿಯರ ಪಕ್ಕ ಕುಳಿತು ನೋಡುತ್ತ ಕೈಗೆ ಬರುತ್ತವೆ. ನನಗೆ ಬೆರಗು ಹುಟ್ಟಿಸುವುದು ಅರ್ಥಗಾರಿಕೆ, ಅಂದರೆ ಪದ್ಯದ ಅರ್ಥವನ್ನು ಸ್ವಂತ ಮಾತಿನಲ್ಲಿ ಹೇಳುವುದು. ಭಾಗವತರು ಪದ್ಯ ಹಾಡುತ್ತಾರೆ. ಅರ್ಥ ಹೇಳುವವನ ಮುಂದೆ ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಕರ್ಣ ಇಂದು ಏನು ಕೇಳಿದನೋ ಅದಕ್ಕೇ ಕೃಷ್ಣ ಉತ್ತರಿಸಬೇಕು. ನಿನ್ನೆಯ ಉತ್ತರ ಇಂದು ನಡೆಯದೆ ಹೋಗಬಹುದು. ಕುಳಿತು ನಡೆಸುವ ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ, ಪದ್ಯ ಬಿಟ್ಟರೆ ಮಾತೇ ಎಲ್ಲ. ಪುರಾಣ ಗೊತ್ತಿರಬೇಕು, ಎದುರಿನವನ ಮಾತಿಗೆ ಕಿವಿಗೊಡಬೇಕು, ತಕ್ಷಣ ತರ್ಕ ಹೂಡಬೇಕು. ನಮ್ಮ ಎಷ್ಟು ತರಗತಿಗಳಲ್ಲಿ ಮಕ್ಕಳಿಗೆ ಇಂಥ ಅವಕಾಶವಿದೆ?

ಹಾಗೆಂದು ಹಳೆಯದನ್ನೆಲ್ಲ ಹೊಗಳುವಂತಿಲ್ಲ. ಮೇಳ ಸೇರುವುದೆಂದರೆ ಎಷ್ಟೋ ಮಕ್ಕಳಿಗೆ ಶಾಲೆ ಬಿಡುವುದೇ ಆಗಿತ್ತು. ಹುಡುಗಿಯರಿಗೆ ಮೇಳದ ಬಾಗಿಲು ತೆರೆದಿರಲಿಲ್ಲ. ಶಿವರಾಮ ಕಾರಂತರು ಮತ್ತು ವಿದ್ವಾಂಸ ಕು.ಶಿ. ಹರಿದಾಸ ಭಟ್ಟರ ಆಸಕ್ತಿಯಿಂದ 1971ರಲ್ಲಿ ಉಡುಪಿಯಲ್ಲಿ ಹುಟ್ಟಿದ ಯಕ್ಷಗಾನ ಕೇಂದ್ರ ಬೇರೆ ದಾರಿ ತೋರಿಸಿತು. ಅಲ್ಲಿ ಉಳಿದುಕೊಂಡು, ಹಗಲು ಶಾಲೆಗೆ ಹೋಗುತ್ತಲೇ ಹೆಜ್ಜೆ ಕಲಿತ ಮಕ್ಕಳಿದ್ದಾರೆ. ಈಗ ಕರಾವಳಿಯ ಶಾಲೆಗಳಲ್ಲಿ, ಊರಿನ ಸಂಘಗಳಲ್ಲಿ ತರಗತಿಗಳು ನಡೆಯುತ್ತವೆ. ಹುಡುಗಿಯರೂ ಗೆಜ್ಜೆ ಕಟ್ಟುತ್ತಿದ್ದಾರೆ.

[ದೃಶ್ಯ: ಶಾಲಾ ವಾರ್ಷಿಕೋತ್ಸವದ ವೇದಿಕೆ]

ಇಲ್ಲೊಂದು ತಕರಾರು ನನ್ನದು. ವಾರ್ಷಿಕೋತ್ಸವಕ್ಕೆಂದು ತರಾತುರಿಯಲ್ಲಿ ಆಟ ಕೂಡಿಸುವಾಗ ಅರ್ಥವನ್ನು ಪೂರ್ತಿ ಬರೆದು ಬಾಯಿಪಾಠ ಮಾಡಿಸುತ್ತಾರೆ. ವೇಷ ಚೆಂದ, ಫೋಟೊ ಇನ್ನೂ ಚೆಂದ. ಆದರೆ ಎದುರು ಪಾತ್ರಧಾರಿ ಒಂದು ಸಾಲು ಮರೆತರೆ ಇಬ್ಬರೂ ಕಲ್ಲಾಗಿ ನಿಲ್ಲುತ್ತಾರೆ. ಕಲಿಕೆಯ ಜೀವಾಳವನ್ನೇ ತೆಗೆದು ಬಣ್ಣ ಉಳಿಸಿಕೊಂಡಂತಾಯಿತು. ಮೊದಲ ವರ್ಷ ಬರೆದುಕೊಡಲಿ, ಬೇಡ ಎನ್ನುವುದಿಲ್ಲ. ಎರಡನೇ ವರ್ಷ ಕಥೆಯನ್ನಷ್ಟೇ ಹೇಳಿ, ಮಾತನ್ನು ಮಕ್ಕಳಿಗೇ ಬಿಡಬಹುದಲ್ಲ?

ನಿಮ್ಮ ಮಗುವನ್ನು ತರಗತಿಗೆ ಸೇರಿಸುವ ಮುನ್ನ ಒಂದು ಸಂಜೆ ಅಭ್ಯಾಸ ನೋಡಿ ಬನ್ನಿ. ಗುರುಗಳು ಮಕ್ಕಳನ್ನು ಪ್ರಶ್ನೆ ಕೇಳುತ್ತಾರೆಯೇ, ಸಾಲುಗಳನ್ನಷ್ಟೇ ಒಪ್ಪಿಸಿಕೊಳ್ಳುತ್ತಾರೆಯೇ ಎಂಬುದು ಅರ್ಧ ಗಂಟೆಯಲ್ಲಿ ತಿಳಿದುಬಿಡುತ್ತದೆ.