ಸದ್ದಡಗಿಸಿ ನೋಡಿದ ‘ಗಣೇಶನ ಮದುವೆ’

ನಮಸ್ಕಾರ. ಕಳೆದ ಸಂಚಿಕೆಯನ್ನು ನೋಡಿದ ವೀಕ್ಷಕರೊಬ್ಬರು, ‘ಹಾಸ್ಯಚಿತ್ರಕ್ಕೆ ಬೇಕಾದದ್ದು ಒಳ್ಳೆಯ ಸಂಭಾಷಣೆ, ಅದಿದ್ದರೆ ಯಾರು ನಟಿಸಿದರೂ ಜನ ನಗುತ್ತಾರೆ’ ಎಂದು ಬರೆದು, ಪಕ್ಕದಲ್ಲಿ ಒಂದು ಹೆಬ್ಬೆರಳನ್ನೂ ಅಂಟಿಸಿದ್ದಾರೆ. ಆ ಹೆಬ್ಬೆರಳು ಮೂರು ದಿನದಿಂದ ನನ್ನ ನಿದ್ದೆ ಕೆಡಿಸಿದೆ.

ಫಣಿ ರಾಮಚಂದ್ರ 1990ರಲ್ಲಿ ನಿರ್ದೇಶಿಸಿದ ‘ಗಣೇಶನ ಮದುವೆ’ಯನ್ನೇ ತೆಗೆದುಕೊಳ್ಳಿ. ಒಂದು ವಠಾರ, ಅದರ ಮಾಲೀಕ ರಮಣಮೂರ್ತಿ, ಬಾಡಿಗೆದಾರ ಗಣೇಶ. ಮಾಲೀಕನ ಮಗಳು ಆದಿಲಕ್ಷ್ಮಿಯನ್ನು ಕಂಡರಾಗದ ಗಣೇಶ, ಶ್ರುತಿ ಎಂಬ ಗಾಯಕಿಗೆ ಮನಸೋತಿದ್ದಾನೆ. ಇಬ್ಬರೂ ಒಬ್ಬಳೇ ಎಂಬುದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಬರೀ ಕಥೆಯಾಗಿ ಹೇಳಿದರೆ ಸಂಜೆಯೊಳಗೆ ಹಳಸುವ ಸರಕು ಇದು. ಅನಂತ್ ನಾಗ್ ಅದನ್ನು ಇಂದಿಗೂ ಕೆಡದಂತೆ ಕಾಪಾಡಿರುವುದು, ಗಣೇಶನನ್ನು ಅವರು ತಮಾಷೆಯ ಮನುಷ್ಯನೆಂದು ಒಂದು ಕ್ಷಣವೂ ಭಾವಿಸದಿರುವುದರಿಂದ. ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ನಲ್ಲಿ ಜಮೀನ್ದಾರನ ಮಗನ ಅಳುಕನ್ನು ಹೊತ್ತಿದ್ದ ಅದೇ ಮುಖ, ಅಷ್ಟೇ ಗಾಂಭೀರ್ಯದಿಂದ ಇಲ್ಲಿ ವಠಾರದ ಜಗಳಕ್ಕೆ ನಿಲ್ಲುತ್ತದೆ. ತನ್ನ ಗೋಳಿಗಿಂತ ದೊಡ್ಡದು ಲೋಕದಲ್ಲಿಲ್ಲ ಎಂದು ಅವನು ನಂಬಿದಷ್ಟೂ ನಮಗೆ ನಗು.

ಹೆಬ್ಬೆರಳಿನವರಿಗಾಗಿ ಮೊನ್ನೆ ಭಾನುವಾರ ಒಂದು ಪರೀಕ್ಷೆ ಮಾಡಿದೆ. ಟಿ.ವಿ.ಯ ಸದ್ದನ್ನು ಪೂರ್ತಿ ಅಡಗಿಸಿ ಆ ಚಿತ್ರ ಹಾಕಿದೆ. ನೆನೆಸಿದ ಅವರೆಕಾಳು ಹಿಸುಕುತ್ತಾ ಕುಳಿತಿದ್ದ ನಮ್ಮ ತಾಯಿ ಮೊದಲು ಗೊಣಗಿದರು. ಹತ್ತು ನಿಮಿಷ ಕಳೆಯುವುದರೊಳಗೆ ಅವರ ಬೆರಳುಗಳು ನಿಂತವು, ಭುಜ ಕುಲುಕತೊಡಗಿತು, ಒಂದು ಕಾಳು ಜಾರಿ ನನ್ನ ಕನ್ನಡಕಕ್ಕೆ ಬಡಿಯಿತು. ಈಗ ಹೇಳಿ, ಅಲ್ಲಿ ಯಾವ ಸಂಭಾಷಣೆ ಇತ್ತು?

ಹಾಸ್ಯನಟ ಮಾತನಾಡುವಾಗಿನದಕ್ಕಿಂತ ಎದುರಿನವರ ಮಾತು ಕೇಳಿಸಿಕೊಳ್ಳುವಾಗಲೇ ಹೆಚ್ಚು ನಗಿಸುತ್ತಾನೆ. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಮಂದವಾಗಿತ್ತು. ಎದುರಿನವರ ತುಟಿ ನೋಡಿ ತಮ್ಮ ಸರದಿಯನ್ನು ಹಿಡಿಯುತ್ತಿದ್ದರು. ಮಾತೇ ಸರಿಯಾಗಿ ಕೇಳದವರು ಇಡೀ ಕನ್ನಡ ಚಿತ್ರರಂಗದಲ್ಲಿ ಅತ್ಯಂತ ಚೆನ್ನಾಗಿ ಕೇಳಿಸಿಕೊಳ್ಳುವ ನಟರಾಗಿದ್ದರು! ಈ ವಾಕ್ಯವನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿ ಮಾರುವ ಯೋಚನೆಯಿದೆ, ಬೇಕಾದವರು ತಿಳಿಸಿ. ಚಂದಾದಾರರಿಗೆ ರಿಯಾಯಿತಿ ಉಂಟು, ಚಂದಾದಾರರಾಗದೆ ಇಷ್ಟು ಹೊತ್ತು ಕೇಳಿದವರಿಗೆ ನಾಚಿಕೆಯೂ ಇರಲಿ.

‘ಹಾಗಾದರೆ ಬರೆದವರಿಗೆ ಬೆಲೆಯಿಲ್ಲವೇ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಇದೆ, ಸ್ವಾಮಿ. ಚಿತ್ರಾನ್ನಕ್ಕೆ ಅನ್ನ ಬೇಕು ಎಂದು ಯಾರೂ ವಾದಿಸಬೇಕಾಗಿಲ್ಲ. ಆದರೆ ಒಗ್ಗರಣೆ ಸೀದರೆ ಸೋನಾಮಸೂರಿಯ ಗುಣಗಾನ ಮಾಡಿ ಏನು ಪ್ರಯೋಜನ? ನಿರ್ದೇಶಕರ ಬಗ್ಗೆ ಬೇರೆ ಸಂಚಿಕೆ ಮಾಡುತ್ತೇನೆ, ಬಹುಶಃ ಮಾಡುವುದಿಲ್ಲ.

ನರಸಿಂಹರಾಜು ಅವರನ್ನು ಮರೆತಿರಾ? 1954ರ ‘ಬೇಡರ ಕಣ್ಣಪ್ಪ’ದಿಂದ ಮುಂದಕ್ಕೆ, ಅವರು ಬಾಯಿ ತೆರೆಯುವ ಮೊದಲೇ, ಬರೀ ಆ ಹಲ್ಲು ಕಂಡರೆ ಸಾಕು ಎನ್ನುವಂತೆ ಚಿತ್ರಮಂದಿರ ನಗುತ್ತಿದ್ದ ಕಾಲವೊಂದಿತ್ತು. ಆ ಹಲ್ಲಿಗೆ ಸಂಭಾಷಣೆ ಬರೆದವರು ಯಾರು? ಹೇಳಿ, ಯಾರು? ‘ಯಾರು ನಟಿಸಿದರೂ’ ಅಂತೆ! ಹಾಗಾದರೆ ನಾನೇ ನಟಿಸುತ್ತೇನೆ, ನೀವೇ ಬರೆಯಿರಿ, ನೋಡೋಣ ಎಷ್ಟು ಜನ ನಗುತ್ತಾರೆ. ಇನ್ನೂ ಒಪ್ಪದಿದ್ದರೆ ನೇರವಾಗಿ ನಮ್ಮ ಮನೆಗೆ ಬಂದು ನಮ್ಮ ತಾಯಿಯವರೊಡನೆ ವಾದಿಸಿ. ಅವರೆಕಾಯಿಯ ಕಾಲ ಮುಗಿಯುವುದರೊಳಗೆ ಬನ್ನಿ. ಹಿಸುಕಲು ಇನ್ನೂ ಎರಡು ಕೈ ಬೇಕಾಗಿವೆ.